ವಿಭೂತಿ ಕೂತ ಗುಂಡಿ

ಕಾದ ಮರಳಿನಲ್ಲಿ ಅಕ್ಕಿ ಸಿಡಿಯುತ್ತಿದೆ ಅಂದುಕೊಂಡ ಗುರುಸಂಗಪ್ಪ, ಅಲ್ಲ, ಇವತ್ತು ಅಮಾವಾಸ್ಯೆ, ಭಟ್ಟಿ ಹೊತ್ತಿಸಿಲ್ಲ, ಮಂಡಕ್ಕಿ ಚೀಲಗಳ ಆಚೆ ಕೂತ ಸೊಸೆ ಅರ್ಚನಾ ಲ್ಯಾಪ್‌ಟಾಪಿನ ಗುಂಡಿ ಒತ್ತುವ ಸದ್ದು ಇದು, ಟಕ ಟಕ ಟಟಕ — ಹದಕ್ಕೆ ಬಂದ ಅಕ್ಕಿಯೂ ಹೀಗೇ, ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಎಲ್ಲ ಒಟ್ಟಿಗೆ, ಆಮೇಲೆ ಸುಮ್ಮನೆ. ಈಗ ಸುಮ್ಮನಾಯಿತು. ಯಾಕೆ ಸುಮ್ಮನಾಯಿತು, ಆ ಗುಂಡಿಯೇ ಇರಬೇಕು, ಮೇಲಿನ ಸಾಲಿನ ಬಲಗಡೆಯದು, ಬೆಳಿಗ್ಗೆ ತಾನೇ ಮೂರು ಬೆರಳಲ್ಲಿ ವಿಭೂತಿ ಎಳೆದ ಗುಂಡಿ, ಅಯ್ಯೋ ಶಿವನೇ, ಊಟದ ಹೊತ್ತಿಗೆ ಮೊದಲೇ ಆ ಕಂಪನಿಯವರು ತೆರೆಯೊಳಗೆ ಬಂದು ಕೂರುತ್ತಾರೆ, ಈಕೆ ಬರೆಯುವುದನ್ನು ಅಕ್ಷರ ಅಕ್ಷರ ನೋಡುತ್ತಾರೆ, ನೋಡಿ ಕೆಲಸ ಕೊಟ್ಟರೆ ಕೊಟ್ಟರು. ಕೂಸು ಹುಟ್ಟಿದ ಮೇಲೆ ಮನೆಯಲ್ಲೇ ಉಳಿದವಳು, ಎಲ್ಲಿ ಅರ್ಜಿ ಹಾಕಿದರೂ ಈ ವರ್ಷಗಳು ಯಾಕೆ ಖಾಲಿ ಅಂತ ಕೇಳಿ ಬಾಗಿಲು ಹಾಕಿದರು, ಕೂಸು ಬೆಳೆಸುವುದು ಖಾಲಿಯೇನು, ಇವರು ಮಾತ್ರ ಕಾಗದ ಬೇಡ, ಕೈ ತೋರಿಸು ಅಂದರು, ಆ ಕೈಗೇ ಮಾವ ಅನ್ನಿಸಿಕೊಂಡವನು ಅಡ್ಡ ಬಂದ.

ಪೂಜೆ ಮಾಡಿದ್ದು ತಪ್ಪಲ್ಲ, ಅಮಾವಾಸ್ಯೆಯ ದಿನ ಅನ್ನ ಕೊಡುವ ಎಲ್ಲದಕ್ಕೂ ಆಗಬೇಕು, ಜರಡಿಗೆ, ತಕ್ಕಡಿಗೆ, ಗಾಳಿ ಊದುವ ಫ್ಯಾನಿಗೆ, ಬೈಕಿಗೆ, ಹಾಗೇ ಈಕೆಯ ಲ್ಯಾಪ್‌ಟಾಪಿಗೆ, ಮುಚ್ಚಳದ ಮೇಲೆ ಮೂರು ಗೆರೆ, ಒಂದು ಹೂವು, ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ಆದರೆ ಮುಚ್ಚಳ ಅಂದರೆ ಬಾಗಿಲು, ಬಾಗಿಲಿಗೆ ಹಚ್ಚಿ ಒಲೆಯನ್ನು ಬಿಟ್ಟವರು ಯಾರಿದ್ದಾರೆ ಅಂತ ತೆರೆದ, ಗುಂಡಿಗಳ ಮೇಲೆ ಒದ್ದೆ ವಿಭೂತಿ ಎಳೆದ, ತುಸು ಧಾರಾಳವಾಗೇ ಎಳೆದ, ನೀರು ಸಂದಿಯೊಳಗೆ ಇಳಿಯಿತು. ಹೆಂಡತಿ ನಾಗಲಿಂಗಮ್ಮ ಮೊಮ್ಮಗಳನ್ನು ಸೊಂಟದಲ್ಲಿಟ್ಟುಕೊಂಡೇ ಬಂದು ನೋಡಿದಳು, ಏನ್ರೀ ಇದು, ವಿಭೂತಿ ಹಣಿಗೆ ಹಚ್ತಾರ, ಹೊಟ್ಟಿಯಾಗ ಸುರೀತಾರೇನು, ದೇವ್ರು ನಿಮಗ ಕೈ ಕೊಟ್ಟಾನ, ಅಳತಿ ಕೊಡೋದು ಮರ್ತಾನ. ಬಯ್ಗುಳ ಅವನಿಗೆ ಹೊಸದಲ್ಲ, ಬೆನ್ನು ಒರಗಿಸಿಕೊಂಡು ಕೇಳುವಂಥದ್ದು, ಆದರೆ ಅರ್ಚನಾ ಬಯ್ಯಲೇ ಇಲ್ಲ, ಇರ್ಲಿ ಬಿಡ್ರಿ ಅತ್ತೆ, ಒಳ್ಳೆ ಮನಸಿಂದ ಮಾಡ್ಯಾರೆ, ಅಂದಳು, ಹರಪನಹಳ್ಳಿ ಕಡೆಯವಳು, ಮಾತು ಮೆತ್ತಗೆ, ಆ ಮೆತ್ತಗಿನ ಮಾತೇ ಹೋಗಿ ಎದೆಗೆ ನಾಟಿತು. ಹತ್ತಿ ಸುತ್ತಿದ ಕಡ್ಡಿಯಿಂದ ಒಂದೊಂದೇ ಗುಂಡಿ ಒರೆಸಿದಳು, ಎಲ್ಲಕ್ಕೂ ಜೀವ ಬಂತು, ಆ ಒಂದಕ್ಕೆ ಬರಲಿಲ್ಲ, ಬ್ರಾಕೆಟ್ ಮುಚ್ಚುವ ಗುಂಡಿ. ಬೇರೆ ಕೀಬೋರ್ಡ್ ತರುತ್ತೇನೆ ಅಂತ ಮಗ ಬೈಕು ಹತ್ತಿ ಹಗರಿಬೊಮ್ಮನಹಳ್ಳಿಗೆ ಓಡಿದ್ದಾನೆ, ಅಲ್ಲೂ ಅಮಾವಾಸ್ಯೆಯೇ, ಅಲ್ಲೂ ಅಂಗಡಿಯವರು ಕಾಯಿ ಒಡೆಯುತ್ತಾ ಕೂತಿರುತ್ತಾರೆ.

ಒಂದು ಬ್ರಾಕೆಟ್ಟು ಹೋದರೆ ಏನು ಹೋಯಿತು ಅಂದುಕೊಳ್ಳಬಹುದು, ಅವನೂ ಅಂದುಕೊಂಡಿದ್ದ, ಆದರೆ ವಾರವೆಲ್ಲ ಆಕೆಯ ಬೆನ್ನ ಹಿಂದೆ ಚೀಲದ ಮೇಲೆ ಕೂತು ನೋಡಿದ್ದಾನಲ್ಲ, ತೆರೆಯ ತುಂಬ ಅವೇ, ಕುಡುಗೋಲಿನ ಹಾಗೆ ಬಾಗಿದವು, ಒಂದು ಆ ಕಡೆ ಒಂದು ಈ ಕಡೆ. ಮೊದಲ ದಿನ ಬರೀ ಕಪ್ಪು ಬಯಲು, ಒಂದು ಚಿತ್ರವಿಲ್ಲ, ಒಂದು ಗುರುತಿಲ್ಲ, ಇದೇನಮ್ಮ ಕೆಟ್ಟೈತೇನು, ಅಂದ, ಇಲ್ರಿ ಮಾವ, ಇದು ಇಮ್ಯಾಕ್ಸ್ ಅಂತ, ಬರೆಯೋ ಜಾಗ, ನಮಗೆ ಏನು ಬೇಕೋ ನಾವೇ ಹೇಳಿಕೊಡಬೇಕು, ಹೇಳಿದಂಗೆ ಆಗ್ತೈತೆ. ಅಂದರೆ ಬೇರೆಯವರು ಕಟ್ಟಿದ ಭಟ್ಟಿಯಲ್ಲ ಇದು, ಒಲೆ ಎಲ್ಲಿ, ಜರಡಿ ಎಲ್ಲಿ, ಹೊಗೆ ಯಾವ ಕಡೆ ಹೋಗಬೇಕು, ಎಲ್ಲ ತಾನೇ ಇಟ್ಟುಕೊಳ್ಳುವುದು, ಅವನ ಅಪ್ಪ ಹಾಗೇ ಕಟ್ಟಿದ್ದ, ಮಣ್ಣು ತುಳಿದು ತುಳಿದು, ಮೂರು ಸಲ ಕೆಡವಿ. ಆಕೆಯೂ ಕೆಡವುತ್ತಿದ್ದಳು, ಎರಡು ಸಾಲು ಬರೆದು, ಕೆಂಪಗೆ ಏನೋ ಬಂದರೆ ಅಳಿಸಿ, ಮತ್ತೆ ಬರೆದು, ಒಂದು ದಿನ ಬಣ್ಣ ಬಂತು, ಇನ್ನೊಂದು ದಿನ ಅರ್ಧ ಪದ ಬರೆದರೆ ಉಳಿದರ್ಧ ತಾನೇ ಹೇಳತೊಡಗಿತು, ಮತ್ತೊಂದು ದಿನ, ನೋಡ್ರಿ ಮಾವ, ಅಕ್ಕಿ ಕೊಡಬೇಕಾದ ಕಡೆ ಭತ್ತ ಕೊಟ್ಟೆ ಅನ್ಕೊಳ್ರಿ, ಒಲೆ ಹಚ್ಚೋಕೆ ಮೊದಲೇ ಕೆಂಪು ಗೆರೆ ಎಳೆದು ತೋರಿಸ್ತೈತೆ — ಒಲೆ ಹಚ್ಚೋಕೆ ಮೊದಲೇ, ಇಂಥ ಆಳು ಅವನ ಭಟ್ಟಿಯಲ್ಲಿ ಒಬ್ಬ ಇದ್ದಿದ್ದರೆ ಎಷ್ಟು ಚೀಲ ಉಳಿಯುತ್ತಿದ್ದವು. ಬರೆಯುವ ಭಾಷೆಗೆ ಹ್ಯಾಸ್ಕೆಲ್ ಅಂತ ಹೆಸರು, ಅದರ ಗುಣವೇ ಬೇರೆ, ಏನು ಕೊಟ್ಟರೂ ಕೆಡಿಸುವುದಿಲ್ಲ, ಹೊಸದು ಮಾಡಿ ಕೊಡುತ್ತದೆ, ಹಂಗಂದ್ರ ನಮ್ಮ ಮಂಡಕ್ಕಿ ಭಟ್ಟಿಯಂಗ, ಅಂದ, ಆಕೆ ನಕ್ಕಳು, ಭಟ್ಟಿಯಾಗೆ ಭತ್ತ ಖರ್ಚಾಗ್ತೈತಲ್ರಿ ಮಾವ, ಇದರಾಗೆ ಮಂಡಕ್ಕೀನೂ ಬರ್ತೈತೆ, ಭತ್ತಾನೂ ಇದ್ದಂಗೇ ಇರ್ತೈತೆ.

ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಅವನಿಂದ ಆಗುತ್ತದೆಯೇ, ನೇರ ಎದುರಿನ ಕೊಟ್ರಸ್ವಾಮಿಯ ಮಿರ್ಚಿ ಅಂಗಡಿಗೆ ಹೋಗಿ ಹೇಳಿದ, ನಮ್ಮ ಸೊಸಿ ಒಂದು ಭಟ್ಟಿ ಕಟ್ಟ್ಯಾಳ, ಭತ್ತಾನೂ ಉಳಿತೈತಿ ಮಂಡಕ್ಕೀನೂ ಬರತೈತಿ, ಅದನ್ನ ನೋಡೇ ಕಂಪನಿಯವ್ರು ಕೆಲಸ ಕೊಟ್ಟಾರ. ಕೊಟ್ರಸ್ವಾಮಿ ತೂತಿನ ಸೌಟನ್ನು ಎಣ್ಣೆಯಲ್ಲಿ ಇಳಿಸಿ, ಹಂಗಾದ್ರ ಮಿರ್ಚಿ ತಿಂದ ಮ್ಯಾಲೂ ಪ್ಲೇಟಿನಾಗ ಉಳಿಯೋದೊಂದು ನನಗೂ ಕಟ್ಟಿಸಿಕೊಡೋ ಗುರುಸಂಗಪ್ಪ, ಅಂದ, ಅಂಗಡಿಯೆಲ್ಲ ನಕ್ಕಿತು. ನಗಲಿ, ಬಾಗಳಿಯ ಹತ್ತಿರ ಬಸ್ಸಿನ ಮೇಲಿಂದ ಗಾಳಿಗೆ ಹಾರಿದ ತನ್ನ ಮಂಡಕ್ಕಿ ಚೀಲ ಮೈಲುಗಟ್ಟಲೆ ಆಚೆಯ ಕೋಗಳಿಯ ಬಸದಿ ಮುಂದೆ ಹೊಲಿಗೆ ಬಿಚ್ಚದೆ ಇಳಿಯಿತು ಅಂದಾಗಲೂ ನಕ್ಕಿದ್ದರು. ಆದರೆ ಆ ಚೀಲ ಇಳಿಯದಿದ್ದರೂ ಯಾರಿಗೂ ನಷ್ಟವಿರಲಿಲ್ಲ, ಇದು ಹಾಗಲ್ಲ, ಕೆಲಸ ಸಿಕ್ಕಿಲ್ಲ, ಸಿಕ್ಕಿದೆ ಅಂತ ಹಡಗಲಿ ಬಸ್ಸಿನವರೆಗೂ ಸುದ್ದಿ ಹೋಗಿದೆ, ಸಿಗದಿದ್ದರೆ ಬೀದಿಯಲ್ಲಿ ತಲೆ ತಗ್ಗಿಸಬೇಕಾದವಳು ಆಕೆ, ಮಾತು ಬಿಟ್ಟವನು ಇವನು, ಗುಂಡಿ ಕೆಡಿಸಿದವನೂ ಇವನೇ.

ಮತ್ತೆ ಟಕ. ಚೀಲದ ಮೇಲಿಂದ ಕತ್ತು ಚಾಚಿದ. ಒಂದೇ ಒಂದು ಬಾಗಿದ ಗೆರೆ, ತೆರೆದದ್ದು, ಮುಚ್ಚದೆ ಉಳಿದದ್ದು — ಎರಡೂ ಕೈ ಕೂಡಸೋ, ಅವ್ವನ ಧ್ವನಿ, ಇದೇ ಭಟ್ಟಿಯ ಮುಂದೆ, ಆಗ ಅವನು ಸೊಂಟದೆತ್ತರ, ಬಿಸಿ ಮಂಡಕ್ಕಿ ಬೇಕೆಂದು ಒಂದೇ ಅಂಗೈ ಚಾಚಿದ್ದ, ಒಂದ ಕೈ ಒಡ್ಡಿದ್ರ ಸುಡತೈತಿ, ಚೆಲ್ಲತೈತಿ, ಬೊಗಸಿ ಹಿಡಿ, ಹಿಡಿದಿರಲಿಲ್ಲ, ಎಲ್ಲ ನೆಲಕ್ಕೆ ಚೆಲ್ಲಿತ್ತು. ತೆರೆಯ ಮೇಲೆಯೂ ಅದೇ ಒಂಟಿ ಅಂಗೈ. ಈಗೇನ ಮಾಡ್ತೀಯವ್ವ, ಅಂದ. ಆಕೆ ತಿರುಗಲಿಲ್ಲ, ತೆರೆದ ಕೂಡಲೇ ಮುಚ್ಚೋದನ್ನೂ ನೀನೇ ಹಾಕು ಅಂತ ಇದಕ್ಕೇ ಹೇಳಿಬಿಟ್ರೆ ಆತು, ಆದರೆ ಹಂಗೆ ಹೇಳೋ ಸಾಲಿಗೂ ಒಂದು ಮುಚ್ಚೋ ಬ್ರಾಕೆಟ್ ಬೇಕಲ್ರಿ, ಅಂದಳು, ಅಂದವಳೇ ತೆರೆಯಲ್ಲಿ ಮೇಲೆ ಮೇಲೆ ಹೋಗಿ, ವಾರದ ಹಿಂದೆ ತಾನೇ ಬರೆದ ಹಳೆ ಸಾಲಿನ ತುದಿಯಿಂದ ಮುಚ್ಚುವ ಬ್ರಾಕೆಟ್ಟೊಂದನ್ನು ನಕಲು ಮಾಡಿ ತಂದು ಇಲ್ಲಿ ಅಂಟಿಸಿದಳು. ಗುರುಸಂಗಪ್ಪನಿಗೆ ಮತ್ತೆ ಅವ್ವ ನೆನಪಾದಳು, ಬೆಂಕಿಪೊಟ್ಟಣ ಮುಗಿದ ದಿನ ಅವ್ವ ಪಕ್ಕದ ಮನೆಯಿಂದ ಒಂದು ಕೆಂಡ ಇಸಕೊಂಡು ಬಂದು ಒಲೆ ಹೊತ್ತಿಸುತ್ತಿದ್ದಳು, ಕೊಟ್ಟವರ ಒಲೆಯಲ್ಲಿ ಬೆಂಕಿ ಕಡಿಮೆಯಾಗುತ್ತಿರಲಿಲ್ಲ, ಇಲ್ಲಿಯೂ ಹಳೆ ಸಾಲಿನದು ಅಲ್ಲೇ ಇದೆ, ಇಲ್ಲಿಗೂ ಒಂದು ಬಂದಿದೆ, ಭತ್ತಾನೂ ಉಳಿತೈತಿ ಮಂಡಕ್ಕೀನೂ ಬರತೈತಿ. ಈಗ ನೋಡ್ರಿ ಮಾವ. ತೆರೆಯುವ ಗುಂಡಿ ಒತ್ತಿದಳು, ಒತ್ತಿದ್ದು ಒಂದು, ಬಂದದ್ದು ಎರಡು, ಎರಡು ಅಂಗೈ ಎದುರುಬದುರು, ಬೊಗಸೆ, ನಡುವೆ ಸಣ್ಣ ಗೀರೊಂದು ಮಿಣುಕುತ್ತಾ.

ಮಗ ಇನ್ನೂ ಬಂದಿಲ್ಲ, ಅಷ್ಟರಲ್ಲಿ ತೆರೆಯೊಳಗೆ ಕಂಪನಿಯವಳು ಬಂದಳು, ಮುಖ ಕಾಣದು, ಧ್ವನಿ ಮಾತ್ರ, ಮೈಸೂರು ಕಡೆಯ ಕನ್ನಡ, ನಡುನಡುವೆ ಇಂಗ್ಲಿಷು ಹೋದಾಗ ಅವನು ಅರ್ಚನಾಳ ಹೆಗಲು ನೋಡಿದ, ಹೆಗಲು ಬಿಗಿಯಾದರೆ ಕಷ್ಟದ ಪ್ರಶ್ನೆ, ಇಳಿದರೆ ಉತ್ತರ ಸಿಕ್ಕಿತು. ಬೆರಳು ಓಡಿದವು, ಅಲ್ಲೊಂದು ಇಲ್ಲೊಂದು, ಆಮೇಲೆ ಎಲ್ಲ ಒಟ್ಟಿಗೆ, ಕೆಂಪು ಗೆರೆ ಬಂತು, ಹೋಯಿತು, ಬೊಗಸೆಯೊಳಗೆ ಬೊಗಸೆ, ಅದರೊಳಗೆ ಇನ್ನೊಂದು, ಒಂದೂ ಚೆಲ್ಲಲಿಲ್ಲ. ಆಮೇಲೆ ಸುಮ್ಮನೆ. ಅರ್ಚನಾ, ಒಂದು ಕೇಳಲಾ, ನೀವು ಮುಚ್ಚೋ ಬ್ರಾಕೆಟ್ ಒಂದು ಸಲಾನೂ ಒತ್ತಲಿಲ್ಲವಲ್ಲ, ಅಭ್ಯಾಸವಾ. ಗುರುಸಂಗಪ್ಪ ಚೀಲದ ಹಿಂದಕ್ಕೆ ಸರಿದ. ಆ ಗುಂಡಿ ಕೆಲಸ ಮಾಡ್ತಿಲ್ಲ ಮೇಡಂ, ಅಮಾವಾಸ್ಯೆ ಅಂತ ನಮ್ಮ ಮಾವ ಬೆಳಿಗ್ಗೆ ಲ್ಯಾಪ್‌ಟಾಪಿಗೆ ಪೂಜೆ ಮಾಡಿದ್ರು, ಒಳಗೆ ವಿಭೂತಿ ಕೂತಿದೆ. ಆಚೆಯಿಂದ ನಗು, ಕುಣಿಯುವ ನಗು, ಆಮೇಲೆ, ತಾನೇ ಮುಚ್ಚು ಅಂತ ಇಮ್ಯಾಕ್ಸಿಗೆ ಹೇಗೆ ಹೇಳಿದಿರಿ ತೋರಿಸಿ, ತೋರಿಸಿದಳು, ಕೆಂಡ ತಂದ ಸಾಲು, ಕೆಂಡ ಕೊಟ್ಟ ಸಾಲು, ಓಹೋ, ಅಂದಿತು ಧ್ವನಿ, ಇಷ್ಟನ್ನೂ ನೀವೇ ಜೋಡಿಸಿದ್ದಾ, ಹೌದು ಮೇಡಂ, ವಾರದಿಂದ, ಆಮೇಲೆ ಅದೇ ಧ್ವನಿ, ಸೋಮವಾರದಿಂದ ನಮ್ಮ ಜೊತೆ ಶುರು ಮಾಡ್ತೀರಾ.

ನಾಗಲಿಂಗಮ್ಮ ಒಳಗಿಂದ, ಏನಂದ್ರಂತ, ಏನಂದ್ರಂತ, ಅನ್ನುತ್ತಿದ್ದಾಳೆ, ಅರ್ಚನಾ ಕೂಸನ್ನು ಎತ್ತಿಕೊಳ್ಳಲು ಎದ್ದು ಹೋಗಿದ್ದಾಳೆ, ಎದುರಿನಿಂದ ಕೊಟ್ರಸ್ವಾಮಿ, ಏನಾತಲೇ ಗುರುಸಂಗಪ್ಪ ನಿನ್ನ ಭತ್ತ ಉಳಿಯೋ ಭಟ್ಟಿ, ಅಂತ ಕೂಗುತ್ತಿದ್ದಾನೆ, ಇವನು ಬಾಯಿ ತೆರೆದ, ಹೇಳಬೇಕು, ಉಚ್ಚಂಗಿದುರ್ಗದ ಎತ್ತರಕ್ಕೆ ಹೇಳಬೇಕು, ಕಂಪನಿಯವರೇ ಎದ್ದು ನಿಂತರು ಅನ್ನಬೇಕು, ತೆರೆಯೇ ಕೈ ಮುಗಿಯಿತು ಅನ್ನಬೇಕು, ಆದರೆ ಇದ್ದದ್ದಕ್ಕಿಂತ ದೊಡ್ಡದು ಒಂದೂ ಸಿಗುತ್ತಿಲ್ಲ, ತಿರುಗಿ ನೋಡಿದ, ಕಪ್ಪು ತೆರೆಯ ಮೇಲೆ ಆಕೆ ಕೊನೆಗೆ ಒತ್ತಿ ಬಿಟ್ಟುಹೋದದ್ದು ಹಾಗೇ ಇದೆ, ಎರಡು ಅಂಗೈ, ಖಾಲಿ ಬೊಗಸೆ, ನಡುವೆ ಗೀರು, ಮಿಣುಕುತ್ತದೆ, ಆರುತ್ತದೆ, ಮಿಣುಕುತ್ತದೆ