ಶಾಲೆ ತೋಟದ ಹರಿವೆ

ನನ್ನ ಗಂಟಲು ಊರಿಗೇ ಗೊತ್ತು. ಮೂವತ್ತು ವರ್ಷ ಅಂಗನವಾಡಿ ನಡೆಸಿದ ಗಂಟಲು ಅದು, ನಿವೃತ್ತಿಯಾದ ಮಾತ್ರಕ್ಕೆ ಸಣ್ಣದಾಗುತ್ತದೆಯೇ? ಆದರೆ ಭೂಮಿ ಹುಣ್ಣಿಮೆಯ ಹಿಂದಿನ ದಿನ ಬೆಳಗ್ಗೆ ನಮ್ಮೂರ ಶಾಲೆಯ ಕೈತೋಟದ ಮುಂದೆ ನಿಂತಾಗ ನನಗೆ ಸ್ವರವೇ ಹೊರಡಲಿಲ್ಲ.

ಹರಿವೆ ಪಾತಿಯಲ್ಲಿ ಬರೀ ಕಡ್ಡಿ. ಬಸಳೆ ಚಪ್ಪರ ಬೋಳು. ಒಂದೆಲಗ, ಹೊನಗೊನೆ, ಕೆಸು, ಯಾವುದರಲ್ಲೂ ಎಲೆಯಿಲ್ಲ. ನನ್ನ ಮೊಮ್ಮಗಳು ನಾಗಶ್ರೀ, ಐದನೇ ಕ್ಲಾಸಿನವಳು, ಪಾತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಹೇಗೋ ಸಮಾಧಾನ ಮಾಡಬಹುದಿತ್ತು.

"ಇನ್ಮೇಲೆ ನಾನು ನೆಡಲ್ಲ ಅಜ್ಜಿ. ಸೊಪ್ಪು ತಿನ್ನೋದೂ ಇಲ್ಲ" ಅಂದಳು.

ಮಳೆಗಾಲ ಶುರುವಾಗುವಾಗ ಈ ಹುಡುಗಿ ಪ್ರಾರ್ಥನೆಗೆ ನಿಂತಲ್ಲೇ ಕುಸಿದುಬಿದ್ದಿದ್ದಳು. ಸೊರಬದ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತವೇ ಇಲ್ಲವಲ್ಲಮ್ಮ" ಎಂದು ಮಾತ್ರೆ ಬರೆದು, ದಿನಾ ಸೊಪ್ಪು ತರಕಾರಿ ತಿನ್ನಿಸಿ ಅಂದಿದ್ದರು. ತಿನ್ನಿಸುವುದು ಯಾರು? ಮನೆಯಲ್ಲಿ ಸೊಪ್ಪು ಬಡಿಸಿದರೆ "ನಾನೇನು ದನಾನಾ?" ಎಂದು ತಟ್ಟೆ ತಳ್ಳುವಳು. ಅಂಗಡಿಯ ಕುರುಕಲು ಪ್ಯಾಕೆಟ್ಟಿಗಾದರೆ ಓಡುತ್ತಿದ್ದಳು. ಅದೇ ಹುಡುಗಿ ತಾನೇ ಬಿತ್ತಿದ ಹರಿವೆ ಬಿಸಿಯೂಟದ ಪಾತ್ರೆಗೆ ಬಿದ್ದ ದಿನ ಎರಡು ಸಲ ಹಾಕಿಸಿಕೊಂಡು ತಿಂದಿದ್ದಳು. ಈಗೀಗ ತುಟಿಗೆ ಬಣ್ಣ ಬಂದಿತ್ತು. ಅಷ್ಟರಲ್ಲಿ ಇದು.

"ಬೇಲಿ ಗಟ್ಟಿ ಐತ್ರೀ ಅಮ್ಮಾರೆ, ದನ ಹೆಂಗ್ ನುಗ್ಗಿತು ಅಂತೀನಿ" ಎಂದರು ಶ್ರೀನಾಥ ಮೇಷ್ಟ್ರು. ದಿನಾ ಶಿಕಾರಿಪುರದಿಂದ ಬಸ್ಸಿನಲ್ಲಿ ಬರುವ ಮನುಷ್ಯ. ತೋಟ ಶುರುಮಾಡಿದ್ದೇ ಅವರು. ಊರಿನ ಮಹಿಳಾ ಸಂಘದವರು ಬೇಲಿ ಕಟ್ಟಿಕೊಟ್ಟಿದ್ದರು, ಮನೆಮನೆಯಿಂದ ಬೀಜ ಬಂದಿತ್ತು.

"ದನ ಮೇಯ್ದಿದ್ರೆ ಬುಡಾನೇ ಕಿತ್ತು ಬರ್ತಿತ್ತು ಮೇಷ್ಟ್ರೇ. ಇದು ಬೆರಳಲ್ಲಿ ಚಿವುಟಿದ್ದು."

ಹೇಳುತ್ತಿದ್ದ ಹಾಗೇ ನನಗೆ ಹೊಳೆಯಿತು. ನಾಳೆ ಭೂಮಿ ಹುಣ್ಣಿಮೆ! ಗದ್ದೆಯಲ್ಲಿ ಭತ್ತ ತೆನೆ ಹೊರಬರುವ ಮುಂಚೆ ಹೊಡೆ ತುಂಬಿ ನಿಂತಿರುವಾಗ ಭೂಮಿತಾಯಿ ಬಸುರಿ ಅಂತ ನಮ್ಮ ಕಡೆ ಲೆಕ್ಕ. ಅವಳ ಬಯಕೆ ತೀರಿಸಲು ಸಿಕ್ಕಷ್ಟು ಬಗೆಯ ಸೊಪ್ಪು ಆಯ್ದು, ಒಟ್ಟಿಗೆ ಬೇಯಿಸಿ, ಬೆಳಗಾಗುವಾಗ ಗದ್ದೆಗೆ ಬೀರುತ್ತೇವೆ. ನಾವು ತಿನ್ನುವುದು ಕಡುಬು, ಪಾಯಸ. ಆ ಸೊಪ್ಪಿಗೆ ಯಾರ ಗದ್ದೆ, ಯಾರ ಹಿತ್ತಲು ಎಂದು ಯಾರೂ ಕೇಳುವುದಿಲ್ಲ. ಮುಂಚೆ ಗದ್ದೆಯ ಅಂಚಿನಲ್ಲೇ ಬೇಕಾದಷ್ಟು ಸಿಗುತ್ತಿತ್ತು. ಈಗ ಅಂಚಿಗೆಲ್ಲ ಕಳೆ ಔಷಧಿ ಹೊಡೆದು ಸುಟ್ಟ ಹಾಗೆ ಕೆಂಪಾಗಿದೆ. ಊರಿಗೆಲ್ಲ ಸೊಪ್ಪು ಉಳಿದಿದ್ದು ಒಂದೇ ಕಡೆ, ಮಕ್ಕಳ ತೋಟದಲ್ಲಿ. ಬೇಲಿ ಕಟ್ಟಿದವರೇ ಬಂದು ಬೋಳಿಸಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ಯಾರಿಗೆ ದೂರು ಕೊಡುವುದು?

ದುಮುಗುಡುತ್ತ ಮನೆಗೆ ಬಂದೆ. ಬಂದರೆ ನನ್ನ ಸೊಸೆ ಶ್ರೀಲತಾ ಮೆಟ್ಟುಗತ್ತಿಯ ಮುಂದೆ ಕೂತು ಕೆಂಪು ಹರಿವೆ ಹೆಚ್ಚುತ್ತಿದ್ದಾಳೆ! ನನ್ನ ಮೈಯೆಲ್ಲ ಉರಿದುಹೋಯಿತು.

"ಹೆತ್ತ ಮಗಳ ಬಾಯಿಂದ ಕಿತ್ಕೊಂಡು ಬಂದ್ಯಲ್ಲೇ!"

ಅವಳು ಹೆದರಲಿಲ್ಲ. "ಎಲ್ರೂ ಒಂದೊಂದು ಹಿಡಿ ಕೊಯ್ದ್ರು ಅತ್ತೆ, ನಾನೂ ಕೊಯ್ದೆ. ಮನೆಗೇನು ತಂದ್ನಾ? ಭೂಮ್ತಾಯಿಗೆ ತಂದೆ. ಭೂಮಿ ಹುಣ್ಣಿಮೆ ಸೊಪ್ಪಿಗೆ ಬೇಲಿ ಇಲ್ಲ ಅಂತ ನಂಗೆ ಕಲ್ಸಿದ್ದು ಯಾರು, ನೀವೇ ಅಲ್ವಾ?"

ನಾನೇ. ಮಗಳು ತಿನ್ನುವುದಿಲ್ಲವೆಂದು ಕೂತಿದ್ದಾಳೆ ಎಂದೆ. ಶ್ರೀಲತಾಳ ಕೈ ನಿಂತಿತು. ಮುಖ ಬಾಡಿಹೋಯಿತು. ಆದರೆ ಹೆಚ್ಚಿದ ಸೊಪ್ಪು ಗಿಡಕ್ಕೆ ಹತ್ತುತ್ತದೆಯೇ? ಭೂಮಿಗೆಂದು ತೆಗೆದಿಟ್ಟದ್ದನ್ನು ಎತ್ತಿ ಶಾಲೆಗೆ ಕೊಡಿ ಎಂದರೆ ಊರಿನ ಯಾವ ಹೆಂಗಸೂ ಒಪ್ಪುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಧೈರ್ಯ ಬರಲಿಲ್ಲ.

ಹಾಗೆಂದು ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಸೊಸೆಯನ್ನೂ ಕರೆದುಕೊಂಡು ಸೀದಾ ಸಂಘದ ಅಧ್ಯಕ್ಷೆ ತಾಯಮ್ಮನ ಮನೆಗೆ ಹೋದೆ. ಅಲ್ಲಿ ನಾಲ್ಕಾರು ಹೆಂಗಸರು ಸೊಪ್ಪು ಸೋಸುತ್ತ ಕೂತಿದ್ದರು. ಮಕ್ಕಳ ತೋಟದ ಗತಿ ಹೇಳಿದೆ.

"ದೇವ್ರಿಗೆ ಅಂತ ಕೊಯ್ದಿದ್ದಕ್ಕೆ ಕಳ್ತನ ಅಂತೀಯೇನೇ ಗುಡ್ಡಮ್ಮಕ್ಕ?" ಎಂದು ತಾಯಮ್ಮ ಮೂತಿ ತಿರುವಿದಳು.

"ಕಳ್ತನ ಅಂತ ಯಾರಂದ್ರೇ ಮಾರಾಯ್ತಿ? ಒಂದು ಮಾತು ಕೇಳ್ತೀನಿ, ಹೇಳು. ನಿನ್ನ ಮಗಳ ಬಯಕೆ ಊಟಕ್ಕೆ ಅವಳೊಬ್ಳನ್ನೇ ಕೂರ್ಸಿ ಬಡಿಸಿದ್ಯಾ?"

"ಹಂಗ್ಯಾರಾದ್ರೂ ಬಡಿಸ್ತಾರಾ? ಪಕ್ದಲ್ಲಿ ಒಂದು ಮಗು ಕೂರಿಸ್ಬೇಕು. ಬಸುರಿ ಉಣ್ಣೋದನ್ನೇ ಅದೂ ಉಣ್ಣಬೇಕು."

"ಹಂಗಾದ್ರೆ ಭೂಮ್ತಾಯಿ ಪಕ್ದಲ್ಲಿ ಯಾವ ಮಗು ಕೂರ್ಸಿದೀಯ?"

ತಾಯಮ್ಮ ಸೊಪ್ಪಿನ ರಾಶಿಯನ್ನೇ ನೋಡುತ್ತ ಕೂತಳು. ಕೊನೆಗೆ, "ನಿನ್ನ ಬಾಯಿಗೆ ಬೀಳಬಾರ್ದು ಕಣೆ" ಎಂದು ನಕ್ಕಳು. "ಎಷ್ಟು ಮಕ್ಕಳು ಬರ್ತಾರೆ?"

"ಶಾಲೆಗೆ ಶಾಲೇನೇ ಬರ್ತದೆ. ಇನ್ನೂ ಒಂದಿಷ್ಟು ಬೇಯ್ಸು."

ಮರುದಿನ ಶಾಲೆಗೆ ರಜೆ. ಆದರೂ ಮೇಷ್ಟ್ರು ಮೊದಲ ಬಸ್ಸಿಗೇ ಬಂದಿದ್ದರು. ಶಾಲೆಯ ಪಕ್ಕದಲ್ಲೇ ನಮ್ಮ ಗದ್ದೆ. ಪೈರಿಗೆ ಪೂಜೆಯಾಯಿತು. ನನ್ನ ಮಗ ಆನಂದಪ್ಪ ಸೊಪ್ಪು ಬೀರಿ ಬಂದ. ಗದ್ದೆಯ ಪಕ್ಕದ ಕಣದಲ್ಲಿ ಮಕ್ಕಳೆಲ್ಲ ಸಾಲಾಗಿ ಕೂತರು. ಎಲ್ಲರಿಗಿಂತ ಮುಂದೆ, ಪೈರಿಗೆ ಒತ್ತಿಕೊಂಡ ಹಾಗೆ ಭೂಮಿತಾಯಿಗೆ ಒಂದು ಬಾಳೆ ಎಲೆ ಹಾಕಿದ್ದೆವು. ಪ್ರತಿ ಮನೆಯಿಂದಲೂ ಒಂದೊಂದು ಪಾತ್ರೆ ಬೇಯಿಸಿದ ಸೊಪ್ಪು ಬಂದಿತ್ತು. ಮಕ್ಕಳು ಗಲಾಟೆ ಮಾಡುತ್ತ ಉಣ್ಣತೊಡಗಿದರು. ನಾಗಶ್ರೀ ಮಾತ್ರ ಕೈಕಟ್ಟಿ ಕೂತಿದ್ದಳು.

"ತಪ್ಪಾತು ಮಗಾ" ಎಂದಳು ಶ್ರೀಲತಾ, ಅವಳ ಮುಂದೆ ಕೂತು. "ಇನ್ನೊಂದ್ಸಲ ನಿನ್ನ ಪಾತಿಗೆ ಬರಲ್ಲ. ಉಣ್ಣು."

"ಬಂದೇ ಬರ್ತೀಯ ಅಮ್ಮ. ಬೇರೆ ಎಲ್ಲೂ ಸೊಪ್ಪೇ ಇಲ್ಲವಲ್ಲ." ಅವಳು ತಾಯಿಯ ಕಡೆ ನೋಡುತ್ತಿರಲಿಲ್ಲ, ಅಂಚಿನ ಮೇಲೆ ನಿಂತಿದ್ದ ಅಪ್ಪನನ್ನು ನೋಡುತ್ತಿದ್ದಳು. "ಅಪ್ಪ, ಅಂಚಿಗೆ ಔಷಧಿ ಹೊಡೀತೀಯಾ ಇನ್ನೂ?"

ಆನಂದಪ್ಪ ತಬ್ಬಿಬ್ಬಾದ. ಊರಿನವರೆಲ್ಲ ಅವನನ್ನೇ ನೋಡುತ್ತಿದ್ದರು. "ಕಳೆ ಕೀಳಕ್ಕೆ ಜನ ಸಿಗಲ್ಲ ಮಗಾ. ನಿಂಗೆ ಅರ್ಥ ಆಗಲ್ಲ."

"ಗದ್ದೆಗೆ ಏನು ಬೇಕಾದ್ರೂ ಮಾಡ್ಕೋ. ಅಂಚು ಬಿಡು. ಅಂಚಲ್ಲಿ ಸೊಪ್ಪು ಬಂದ್ರೆ ಅಮ್ಮ ಯಾಕೆ ನನ್ನ ಪಾತಿಗೆ ಬರ್ತಾಳೆ? ಹೊಡಿಯಲ್ಲ ಅಂದ್ರೆ ಉಣ್ತೀನಿ."

ನನಗೆ ಹೆಮ್ಮೆಯೂ ಆಯಿತು, ಭಯವೂ ಆಯಿತು. ನನ್ನ ಮಗನ ಹಠ ನನಗೆ ಗೊತ್ತು. ನನ್ನ ಹೊಟ್ಟೆಯಲ್ಲೇ ಹುಟ್ಟಿದವನಲ್ಲವೇ? ನಾನು ಒಂದು ಮಾತೂ ಆಡಲಿಲ್ಲ. ಆಡದೆ ಇರುವುದು ನನಗೆ ಎಷ್ಟು ಕಷ್ಟವೆಂದು ದೇವರಿಗೇ ಗೊತ್ತು.

ಆನಂದಪ್ಪ ಸುಟ್ಟುಹೋದ ಅಂಚನ್ನು ಒಂದು ಸಲ ನೋಡಿದ, ಮಗಳ ಬಿಳಿಚಿದ ಕೈಗಳನ್ನು ನೋಡಿದ. ಆಮೇಲೆ ಕೆಳಗಿಳಿದು ಬಂದು ಹೆಂಡತಿಯ ಕೈಯಿಂದ ಸೌಟು ತೆಗೆದುಕೊಂಡ.

"ಹೊಡಿಯಲ್ಲ" ಎಂದ. "ಭೂಮ್ತಾಯಿ ಮುಂದೆ ಹೇಳ್ತಿದೀನಿ, ಅಂಚಿಗೆ ಹೊಡಿಯಲ್ಲ. ಉಣ್ಣು ನನ್ನವ್ವಾ."

ಅವನೇ ಬಡಿಸಿದ. ಅವಳು ದೊಡ್ಡ ತುತ್ತು ಮಾಡಿ ಬಾಯಿಗಿಟ್ಟಳು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಪುರಸೊತ್ತು ಕೊಡಲಿಲ್ಲ ಆ ಹುಡುಗಿ. ಬಾಯಿತುಂಬ ಸೊಪ್ಪು ಇಟ್ಟುಕೊಂಡೇ ತನ್ನ ಗದ್ದೆಯ ಅಂಚಿಗೂ ಔಷಧಿ ಹೊಡೆಯುವ ತಾಯಮ್ಮನ ಮಗನ ಕಡೆ ತಿರುಗಿದಳು.

"ಮತ್ತೆ ನೀವು, ಮಾವ?"