ಮೂರನೆಯ ಗುಂಡಿ

“ಏಯ್ ಮೂದೇವಿ, ಗುಂಡಿ ತೋಡು ಅಂದ್ರೆ ಗುಂಡಿ ಒಳ್ಗೇ ನಿದ್ದೆ ಹೊಡೀತಿದ್ದೀಯೇನೇ? ಇಷ್ಟೊತ್ಗೆ ನಿಮ್ಮ ಕೇರಿನೆಲ್ಲಾ ಹೂತು ಮುಗಿಸ್‌ಬೋದಿತ್ತು!”

ಮೇಸ್ತ್ರಿ ಜಿಂಬಾ ಗುಂಡಿಯ ಅಂಚಿನಲ್ಲಿ ನಿಂತು ಬೈಯುತ್ತಿದ್ದ. ಅವನ ಬೂಟಿನಿಂದ ಮಣ್ಣು ಉದುರಿ ಬಾನಾ ಲೊಂಬೆಯ ತಲೆವಸ್ತ್ರದ ಮೇಲೆ ಬೀಳುತ್ತಿತ್ತು. ಅವಳು ತಲೆಯೆತ್ತಲಿಲ್ಲ. ಹಾರೆ ಎತ್ತಿ ಕುಕ್ಕಿದಳು. ಠಣ್ ಎಂದಿತು.

“ಕಲ್ಲು ಬಂತು ಧಣಿ.”

“ಬಂದ್ರೆ ಒಡಿ. ನಿಮ್ಮಪ್ಪನ ತಲೆಬುರುಡೆ ಏನ್ ಅದು, ಕನಿಕರ ಪಡಾಕೆ?”

ಅವಳ ಸ್ವಂತ ಹೆಸರು ಗುಡ್ಡದ ಬುಡದ ಮಬ್ವೆ ಕೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಲೊಂಬೆಯ ತಾಯಿ, ಬಾನಾ ಲೊಂಬೆ, ಅಷ್ಟೆ. ಲೊಂಬೆ ಹೋದ ಮಳೆಗಾಲದಲ್ಲಿ ವಾಂತಿಭೇದಿಗೆ ಸತ್ತಿದ್ದಳು. ಮಗಳು ಹೋದರೂ ಹೆಸರು ತಾಯಿಯ ಮೈಮೇಲೆ ಉಳಿದುಕೊಂಡಿತ್ತು.

ಗುಡ್ಡದ ಮೇಲೆ ಧಣಿಗಳು ಗೋಡೆ ಕಟ್ಟಿ, ಗೇಟು ಇಟ್ಟು, ಸಾಲುಮನೆ ಎಬ್ಬಿಸುವವರಿದ್ದರು. ಪೇಟೆಯ ಒಳಚರಂಡಿ ಅಲ್ಲಿಗೆ ಬಂದಿರಲಿಲ್ಲ, ಬರುವ ಲಕ್ಷಣವೂ ಇರಲಿಲ್ಲ. ಹಾಗಾಗಿ ಮನೆಗೊಂದು ಪಾಯಿಖಾನೆಯ ತೊಟ್ಟಿ, ಅದರ ನೀರು ಇಂಗಲು ಒಂದು ಗುಂಡಿ. ನೆಲ ಆ ನೀರನ್ನು ಸೋಸಿಕೊಂಡು ನಿಧಾನಕ್ಕೆ ಕುಡಿಯುತ್ತದೆ ಎಂದು ಎಂಜಿನಿಯರ್ ವರದಿ ಬರೆದುಕೊಟ್ಟರೆ ಮಾತ್ರ ಪುರಸಭೆ ಪರವಾನಗಿ ಕೊಡುತ್ತದೆ. ನೀರು ಇಂಗದೆ ನಿಂತರೂ ಆಗದು, ಸರಕ್ಕನೆ ಇಳಿದರೂ ಆಗದು. ಮೂರು ಕಡೆ ಗುಂಡಿ ತೋಡಿ, ನೀರು ಸುರಿದು, ಅಧಿಕಾರಿಯ ಕಣ್ಣೆದುರು ಅಳೆದು ತೋರಿಸಬೇಕು. ಒಂದು ತಪ್ಪಿದರೂ ವರದಿ ಮೂಲೆಗೆ ಬೀಳುತ್ತದೆ.

ಮೂರೂ ಗುಂಡಿ ಆದ ಮೇಲೆ ಗುರುತು ಹಾಕಿ ಉಳಿದಿದ್ದ ಅರ್ಧ ಮೂಟೆ ಸುಣ್ಣವನ್ನು ಜಿಂಬಾ ಕಾಲಿನಿಂದ ಒದ್ದ. “ಇದ್ನ ಯಾರ್ ಹೊರ್ತಾರೆ? ಸುರಿ ಗುಂಡಿಗೆ.” ಬಾನಾ ಲೊಂಬೆ ಸುರಿದಳು. ಆಮೇಲೆ ನೀರಿನ ಲಾರಿ ಬಂತು.

ಲಾರಿಯ ಸದ್ದು ಕೇಳಿ ಕೇರಿಯ ಹೆಂಗಸರು ಹಳದಿ ಕ್ಯಾನು ಹಿಡಿದು ಗುಡ್ಡ ಹತ್ತಿದರು. ಜಿಂಬಾ ಕೋಲು ಬೀಸಿದ. “ಹೋಗ್ರೇ, ಹೋಗ್ರೇ! ಇದು ಪರೀಕ್ಷೆ ನೀರು. ಕುಡಿಯಾಕಲ್ಲ.”

“ಮತ್ತೆ ಯಾರ್ ಕುಡೀತಾರಪ್ಪಾ?” ಒಬ್ಬಳು ಕೇಳಿದಳು.

“ನೆಲ ಕುಡೀತದೆ!”

ಅವನ ಮಾತು ಸುಳ್ಳಾಗಲಿಲ್ಲ. ಕೊಳವೆಯಿಂದ ಬಿದ್ದ ನೀರು ತಳದ ಬಂಡೆಸೀಳಿಗೆ ಗಟಗಟ ಇಳಿದುಹೋಯಿತು. ಎಂಜಿನಿಯರ್ ಸಿಕಾಜ್ವೆ ಅಳತೆಕೋಲು ಊರುವಷ್ಟರಲ್ಲಿ ಗುಂಡಿ ಬರಿದು. ಮತ್ತೆ ಸುರಿಸಿದ, ಮತ್ತೆ ಬರಿದು. ಮೂರರ ಹಣೆಬರಹವೂ ಒಂದೇ. ಅವನು ಟೋಪಿ ತೆಗೆದು ಹಣೆ ಒರೆಸಿಕೊಂಡು, ಕಾರಿನಲ್ಲಿ ಹೋಗಿ ಕೂತ. ಹೆಂಗಸರು ಖಾಲಿ ಕ್ಯಾನುಗಳನ್ನು ಹೊತ್ತು ಇಳಿದರು.

ಮಾರನೆಯ ಬೆಳಿಗ್ಗೆ ಕೇರಿಯ ಬಾವಿಕಟ್ಟೆಯಲ್ಲಿ ಜಗಳ. ಬಾವಿಯ ನೀರು ಗಂಜಿಯ ಹಾಗೆ ಬೆಳ್ಳಗಾಗಿತ್ತು. ಜೋಳದ ಹಿಟ್ಟು ಮುಟ್ಟಿದ ಬಕೆಟ್ಟನ್ನು ಬಾವಿಗೆ ಇಳಿಸಬಾರದು ಎಂಬುದು ಮಬ್ವೆ ಕೇರಿಯ ಕಟ್ಟಳೆ. ಆ ಬಾವಿಯ ಯಜಮಾನಿಕೆ ಅಜ್ಜಿ ನಮ್ವಿಂಗಾಳದು. ಮೊಣಕಾಲು ಹೋಗಿ, ಮನೆಯಿಂದ ಬಾವಿಕಟ್ಟೆಗೆ ಬರುವುದೇ ಅವಳಿಗೆ ದೊಡ್ಡ ಪಯಣ. ನಾಲಿಗೆಗೆ ಮಾತ್ರ ಯಾವ ನೋವೂ ಇರಲಿಲ್ಲ.

“ನ್ಶಿಮಾ ಮುದ್ದೆ ಮಾಡೋ ಬಕೆಟ್ಟು ಇಳ್ಸಿದ ಕಳ್ಳಮುಂಡೆ ಯಾವಳೇ? ಒಪ್ಕೊಂಡ್ರೆ ಬೈದು ಬಿಡ್ತೀನಿ. ಇಲ್ದಿದ್ರೆ ಬಡಿದು ಬೈತೀನಿ.”

ಎಲ್ಲರೂ ಹೊಸದಾಗಿ ಮದುವೆಯಾಗಿ ಬಂದಿದ್ದ ಹುಡುಗಿಯ ಕಡೆ ನೋಡಿದರು. ಅವಳು ಕಣ್ಣೀರು ಹಾಕಿಕೊಂಡು, “ನನ್ನಾಣೆ ನಾನಲ್ಲ ಅಜ್ಜಿ, ಮೂರು ದಿನದಿಂದ ಮನೇಲಿ ಹಿಟ್ಟೇ ಇಲ್ಲ” ಎಂದಳು.

ಬಾನಾ ಲೊಂಬೆ ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ತಾಗಿಸಿದಳು. ಚುರ್ ಎಂದಿತು. ಅಂಗೈಯ ಬಿರುಕುಗಳಲ್ಲೂ ಅದೇ ಉರಿ, ನಿನ್ನೆಯಿಂದ ಹಾಗೆಯೇ ಉರಿಯುತ್ತಿದ್ದುದು. ಅವಳು ಕಟ್ಟೆಯ ಮೇಲೆ ಕೂತುಬಿಟ್ಟಳು.

“ಹಿಟ್ಟಲ್ಲ ಅಜ್ಜಿ. ಸುಣ್ಣ. ನೆನ್ನೆ ಗುಡ್ಡದ ಮ್ಯಾಲೆ ಗುಂಡಿಗೆ ನಾನೇ ಸುರ್ದಿದ್ದು.”

ಬಿಡಿಸಿ ಹೇಳುವುದೇನೂ ಉಳಿದಿರಲಿಲ್ಲ. ಇವತ್ತು ಸುಣ್ಣ ಬಂದ ದಾರಿಯಲ್ಲಿ ನಾಳೆ ಅಷ್ಟೂ ಮನೆಗಳ ಹೇಲು ಬರುತ್ತದೆ. ಹೋದ ಮಳೆಗಾಲದಲ್ಲಿ ಆಸ್ಪತ್ರೆಯ ಬಿಳಿ ನಿಲುವಂಗಿಯವರು ಲೊಂಬೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದಿದ್ದರು. ಮೈ ತೊಳೆಯಲೂ ತಾಯಿಯನ್ನು ಬಿಟ್ಟಿರಲಿಲ್ಲ.

“ಕಾಲಿದ್ದಿದ್ರೆ ಆ ಗುಡ್ಡ ಹತ್ತಿ ಆ ಎಂಜಿನಿಯರ್ ಮುಖಕ್ಕೆ ಉಗ್ದು ಬರ್ತಿದ್ದೆ” ಎಂದಳು ಅಜ್ಜಿ. ಅವಳ ದನಿ ಈಗ ಇಳಿದಿತ್ತು. “ನೀನಾದ್ರೂ ಹೇಳೇ.”

ಬಾನಾ ಲೊಂಬೆ ಹೇಳಿದಳು. ಗುಡ್ಡ ಹತ್ತಿ ಹೋಗಿ, ಎಂಜಿನಿಯರನ ಕಾರಿನ ಬಾಗಿಲ ಬಳಿ ಮೊಣಕಾಲೂರಿ, ದೊಡ್ಡವರ ಮುಂದೆ ಮಾಡುವ ಹಾಗೆ ಅಂಗೈಗಳನ್ನು ಮೆಲ್ಲಗೆ ತಟ್ಟಿ ಹೇಳಿದಳು. ಸಿಕಾಜ್ವೆ ಕಡಲೆಕಾಯಿ ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡ.

“ನಂಗೆ ಗೊತ್ತಮ್ಮ” ಎಂದ. “ಈ ಬಂಡೆ ಜರಡಿ ಇದ್ದಂಗೆ ಅಂತ ಕಾಲೇಜಲ್ಲೇ ಓದಿದ್ದೀನಿ. ನಾನು ವರದಿ ಬರೀದಿದ್ರೆ ಇನ್ನೊಬ್ಬ ಬರೀತಾನೆ. ಅವ್ನು ನಿಮ್ಗೆ ಕೂಲಿ ಕೆಲ್ಸಾನೂ ಕೊಡಲ್ಲ.”

“ಮತ್ತೆ ನಮ್ಮ ಬಾವಿ, ಸ್ವಾಮಿ?”

“ಯಾವ ಬಾವಿ? ನಕ್ಷೇಲಿ ಕೇರಿನೇ ಇಲ್ಲ, ಬಾವಿ ಎಲ್ಲಿಂದ ಬರ್ಬೇಕು?” ಅವನು ಸಿಪ್ಪೆಯನ್ನು ಕಿಟಕಿಯಾಚೆ ಚೆಲ್ಲಿದ. ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ, ನಿದ್ದೆಗೆಟ್ಟವನ ಮುಖವಾಗಿತ್ತು. “ನೀನು ನೆಲ ಸಾರಿಸೋದ್ರಲ್ಲಿ ಗಟ್ಟಿಗಿತ್ತಿ ಅಂತ ಜಿಂಬಾ ಹೇಳ್ದ. ಹುತ್ತದ ಮಣ್ಣು ಕಲ್ಸಿ ಮೂರೂ ಗುಂಡಿ ತಳ ಬಳ್ದುಬಿಡು. ತುಂಬಾ ಗಟ್ಟಿ ಬೇಡ, ಸ್ವಲ್ಪ ಸೋರ್ಲಿ. ನಾಳೆ ಅಧಿಕಾರಿ ಬರ್ತಾರೆ.”

ಬಳಿಯಲಾರೆ ಎನ್ನಬೇಕಿತ್ತು. ಅನ್ನಲಿಲ್ಲ. ಎರಡು ತಿಂಗಳಲ್ಲಿ ಸಿಕ್ಕ ಕೂಲಿ ಇದೊಂದೇ. ಸಾಲದ್ದಕ್ಕೆ, ಬೇಡ ಎನ್ನುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಅವಳು ಜೊತೆಗಾರ ಮುದುಕ ಕಪಾಂಬ್ವೆಯ ಕೂಡ ಹುತ್ತ ಅಗೆದು ಮಣ್ಣು ತಂದಳು, ತುಳಿದಳು, ಕಲಸಿದಳು. ಗುಂಡಿಯೊಳಗೆ ಕುಕ್ಕರುಗಾಲಿನಲ್ಲಿ ಕೂತು ಅಂಗೈಯಿಂದ ಸವರಿದಳು. ಲೊಂಬೆ ಹೋದ ಮೇಲೆ ಮನೆಯ ನೆಲವನ್ನು ಹೀಗೆಯೇ ಸಾರಿಸಿದ್ದಳು. ಕೈಗೆ ಅದೂ ಗೊತ್ತು, ಇದೂ ಗೊತ್ತು. ಕೈ ತನ್ನ ಪಾಡಿಗೆ ತಾನು ಓಡಾಡುತ್ತಿತ್ತು, ಅವಳು ಅದನ್ನು ನೋಡುತ್ತ ಕೂತಿದ್ದಳು.

“ನಾವೇ ನಮ್ಮ ಬಾಯಿಗೆ ವಿಷ ಹಾಕ್ಕೊಳೋದು ಕಣಮ್ಮಿ ಇದು” ಎಂದ ಕಪಾಂಬ್ವೆ, ಮೇಲಿನಿಂದ ಮಣ್ಣಿನ ಮುದ್ದೆ ಕೊಡುತ್ತ.

“ಹೂಂ” ಎಂದಳು.

ಮಾರನೆಯ ದಿನ ಪುರಸಭೆಯ ಅಧಿಕಾರಿ ಬಂದ. ಅವನಿಗೊಂದು ಕುರ್ಚಿ, ಕುರ್ಚಿಗೊಂದು ಕೊಡೆ, ಕೊಡೆ ಹಿಡಿಯಲು ಜಿಂಬಾ. ಗುಂಡಿಗಳ ನಡುವೆ ಹಾದುಹೋಗುವಾಗ ಅವನು ಬಾನಾ ಲೊಂಬೆಯ ಕಡೆ ನೋಡಿ ಮೂಗು ಮುಚ್ಚಿಕೊಂಡ. “ಇವ್ರೆಲ್ಲ ಆ ಕೆಳಗಿನ ಗಲೀಜಿಂದ ಬಂದೋರಾ? ಕಾಲ್ರಾ ಗೀಲ್ರಾ ಅಂಟಿಸ್ಬಿಟ್ಟಾರು, ದೂರ ನಿಲ್ಸಪ್ಪಾ.”

ಜಿಂಬಾ ಹಲ್ಲು ಕಿರಿದ. “ಸರ್ಕೊಳೇ, ನಾತ!”

ಮೊದಲ ಗುಂಡಿಗೆ ನೀರು ಬಿಟ್ಟರು. ನಿಂತಿತು. ಅಂಚಿನವರೆಗೆ ತುಂಬಿ, ಒಳ್ಳೆಯ ಮನೆತನದ ಸೊಸೆಯಂತೆ ತಗ್ಗಿ ಬಗ್ಗಿ ಇಷ್ಟಿಷ್ಟೇ ಇಳಿಯತೊಡಗಿತು. ಸಿಕಾಜ್ವೆ ಕೋಲು ಊರಿ ಅಂಕಿ ಕೂಗಿದ. ಅಧಿಕಾರಿ ತಣ್ಣನೆಯ ಸೋಡಾ ಹೀರುತ್ತ ತಲೆಯಾಡಿಸಿದ. “ಭೇಷ್. ಬಂಗಾರದಂಥಾ ನೆಲ ಕಣ್ರೀ.”

ಬಾನಾ ಲೊಂಬೆ ಆ ನೀರನ್ನೇ ನೋಡುತ್ತಿದ್ದಳು. ಕನ್ನಡಿಯಂತೆ ತಿಳಿಯಾಗಿತ್ತು. ಕೇರಿಯಲ್ಲಿ ಅಷ್ಟು ತಿಳಿನೀರನ್ನು ಅವಳು ಕಂಡಿರಲಿಲ್ಲ. ಇದರಲ್ಲಿ ಒಂದು ಕ್ಯಾನಾದರೂ ಆ ದಿನ ಸಿಕ್ಕಿದ್ದರೆ ಮಗಳ ಮೈ ತೊಳೆಯಬಹುದಿತ್ತು ಎಂದುಕೊಂಡಳು. ತೊಳೆಯಲು ಬಿಟ್ಟಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು.

ಅವಳು ಸೊಂಟಕ್ಕೆ ಸುತ್ತಿದ್ದ ಬಟ್ಟೆಯನ್ನು ಬಿಗಿದುಕೊಂಡು ಗುಂಡಿಯೊಳಗೆ ಇಳಿದಳು.

“ಏಯ್! ಏಯ್! ತಲೆ ಕೆಟ್ಟಿದ್ಯೇನೇ ನಿಂಗೆ?” ಜಿಂಬಾನ ಕೈಯಿಂದ ಕೊಡೆ ವಾಲಿತು.

ಸೊಂಟದವರೆಗಿನ ನೀರಿನಲ್ಲಿ ನಿಂತು ಅವಳು ಹಿಮ್ಮಡಿಯಿಂದ ತಳವನ್ನು ಒದ್ದಳು. ತಾನೇ ಬಳಿದದ್ದು. ಎಲ್ಲಿ ತೆಳ್ಳಗಿದೆ ಎಂದು ಕಾಲಿಗೆ ಗೊತ್ತಿತ್ತು. ಮತ್ತೊಮ್ಮೆ ಒದ್ದಳು. ಕೆಳಗೆ ಏನೋ ಕುಸಿಯಿತು. ನೀರು ಗೊರಗೊರ ಎಂದು ಅವಳ ಸುತ್ತ ಸುತ್ತಿ ಬಂಡೆಯೊಳಗೆ ಹೋಯಿತು. ಅವಳು ಒದ್ದೆ ಕೆಸರಿನ ಮೇಲೆ ಕೂತಳು.

ಅಧಿಕಾರಿ ಎದ್ದು ಬಂದು ಇಣುಕಿದ. ಕೆಸರನ್ನು ನೋಡಿದ, ಸಿಕಾಜ್ವೆಯನ್ನು ನೋಡಿದ. ಅವನಿಗೆ ಅರ್ಥವಾಗದೆ ಇರಲಿಲ್ಲ. “ಮುಂಚೆ ನಿಂತಿತ್ತಲ್ಲ” ಎಂದ, “ಅದನ್ನೇ ಬರ್ಕೊಳ್ಳಿ. ಇನ್ನೆರಡು ಗುಂಡಿ ಇವೆಯಲ್ಲ, ನಡೀರಿ.”

“ನನ್ನೂ ಬರ್ಕೊಳಿ ಸ್ವಾಮಿ” ಎಂದಳು ಬಾನಾ ಲೊಂಬೆ ಕೆಳಗಿನಿಂದ. ದನಿ ಎತ್ತರಿಸಲಿಲ್ಲ. “ಗುಂಡಿ ಒಳ್ಗೆ ಒಬ್ಬಳು ಹೆಂಗಸು ಕೂತವ್ಳೆ ಅಂತ. ನೀರು ಬಿಡ್ರಿ. ಎಷ್ಟೊತ್ಗೆ ಇಳೀತದೆ, ನಾನೂ ನೋಡ್ತೀನಿ.”

“ಎಳ್ದು ಹಾಕೋ ಅವಳ್ನ!” ಜಿಂಬಾ ಕಪಾಂಬ್ವೆಯ ಬೆನ್ನಿಗೆ ಗುದ್ದಿದ. “ನಿನ್ಗೇ ಹೇಳ್ತಿರೋದು ಮುದಿಗೂಬೆ! ನಾಳೆಯಿಂದ ಕೂಲಿ ಬೇಡ್ವಾ?”

ಮುದುಕ ಸನಿಕೆಯನ್ನು ನೆಲದ ಮೇಲಿಟ್ಟ. ಅವನೂ ತುಂಬ ದಣಿದಿದ್ದ. ಗುಂಡಿಯ ಕಡೆಗೆ ಹೋದವನು ಅದನ್ನು ದಾಟಿ, ಎರಡನೆಯ ಗುಂಡಿಯ ಅಂಚಿನಲ್ಲಿ ಕೂತು, ಒಂದೊಂದೇ ಕಾಲು ಇಳಿಬಿಟ್ಟು, ನರಳುತ್ತ ಒಳಗಿಳಿದು ತಳದಲ್ಲಿ ಕೂತ. ಅವನ ಬಿಳಿ ತಲೆ ಮಾತ್ರ ಹೊರಗೆ ಕಾಣುತ್ತಿತ್ತು.

ಜಿಂಬಾ ಲಾರಿಯ ನಲ್ಲಿಯ ಮೇಲೆ ಕೈಯಿಟ್ಟು ಎಂಜಿನಿಯರನ್ನು ನೋಡಿದ. ಎಂಜಿನಿಯರು ಅಧಿಕಾರಿಯನ್ನು ನೋಡಿದ. ಅಧಿಕಾರಿ ಗಡಿಯಾರ ನೋಡಿಕೊಂಡು, “ಪೊಲೀಸ್ನೋರಿಗೆ ಫೋನ್ ಮಾಡ್ರಿ” ಎಂದು ಕಾರಿನೊಳಗೆ ಹೋಗಿ ಗಾಜು ಏರಿಸಿಕೊಂಡ.

ಮೂರನೆಯ ಗುಂಡಿ ಇನ್ನೂ ಖಾಲಿ ಇತ್ತು. ಕೆಳಗೆ ಇಳಿಜಾರಿನಲ್ಲಿ ಅಜ್ಜಿ ನಮ್ವಿಂಗಾ ಕೋಲೂರಿಕೊಂಡು, ಎರಡು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ, ಮೇಲಕ್ಕೆ ಬರುತ್ತಿದ್ದಳು.