ಟ್ಯಾಂಕಿನ ಮೇಲೆ ಅಂಗೈಯಗಲ

ಕೆಂಪು ಬೈಕೊಂದು ಹೋಯಿತು, ಅಡುಗೆಮನೆಯ ಕಿಟಕಿಯ ಎರಡು ಸರಳುಗಳ ನಡುವೆ ಕಂಡು ಮಾಯವಾಯಿತು, ಅಷ್ಟರಲ್ಲೇ ನಿಮ್ಮಿಯ ಕಣ್ಣು ಎಂದಿನಂತೆ ಓಡಿಸುವವನ ಮುಖ ಬಿಟ್ಟು ಟ್ಯಾಂಕನ್ನು ಹುಡುಕಿತು — ಇದಲ್ಲ, ಇದು ಹೊಸ ಗಾಡಿ, ಬಣ್ಣ ಎಲ್ಲೂ ಹೋಗಿಲ್ಲ — ಕಾಯಿ ತುರಿಯುವ ಕೈ ಮಾತ್ರ ನಿಲ್ಲಲಿಲ್ಲ, ಪುಟ್ಟಿನ ಕೊಳವೆಗೆ ಒಂದು ಹಿಡಿ ಕಾಯಿ, ಎರಡು ಹಿಡಿ ಹಿಟ್ಟು, ಮತ್ತೆ ಕಾಯಿ, ದರ್ಬೆಯ ಈ ಮನೆಗೆ ಬಂದ ಮೇಲೆ ಈ ಕಿಟಕಿಯಲ್ಲಿ ಹೋದ ಕೆಂಪು ಬೈಕುಗಳನ್ನೆಲ್ಲ ಅವಳು ಹೀಗೇ ನೋಡಿದ್ದಾಳೆ, ಯಾಕೆ ಅಂತ ಯಾರೂ ಕೇಳಿಲ್ಲ, ಅಡುಗೆಮನೆಯಲ್ಲಿ ನಿಂತ ಹೆಂಗಸು ಕಿಟಕಿಯಲ್ಲಿ ಎಂತ ನೋಡುತ್ತಾಳೆ ಅಂತ ಯಾರು ಕೇಳುತ್ತಾರೆ. ಇವತ್ತು ಹನ್ನೊಂದು ಗಂಟೆಗೆ ಶೋರೂಮಿಗೆ ಹೋಗಬೇಕು. ಹನ್ನೊಂದು ಅಂದರೆ ಹತ್ತೂವರೆಗೆ ಹೊರಡಬೇಕು, ಅಷ್ಟರಲ್ಲಿ ಪುಟ್ಟು, ಕಡಲೆ, ಒಗೆದದ್ದು ತಂತಿಗೆ ಹರಗಬೇಕು, ಮೀನಿನವನು ಬಂದರೆ ಬಂಗುಡೆ — ಬೊಳುವಾರಿನ ಕಣ್ಣಾಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಅವಳು ಸೇರಿ ಆರು ತಿಂಗಳಾಯಿತು, ಮನೆಯಿಂದ ಎರಡೂವರೆ ಕಿಲೋಮೀಟರ್, ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ, ರಿಕ್ಷಾದವನು ದಿನಾ ಸಿಗುವುದಿಲ್ಲ, ಹಾಗಾಗಿ ನಿಮ್ಮಿಗೊಂದು ಗಾಡಿ ತೆಗೆಯುವ ಅಂತ ಸಜಿಯೇ ಹೇಳಿದ್ದು, ಗಂಡ ಒಳ್ಳೆಯವನು, ಹೇಳಿದ ಮರುಕ್ಷಣವೇ ಯಾವ ಗಾಡಿ ಅಂತಲೂ ಹೇಳಿಬಿಟ್ಟ. ಸ್ಕೂಟರ್. ಬೂದು ಬಣ್ಣದ್ದು. ಕಾಲಿನ ಹತ್ತಿರ ಅಕ್ಕಿ ಚೀಲ ಇಡ್ಲಿಕ್ಕೆ ಆಗ್ತದೆ, ಗ್ಯಾಸ್ ಸಿಲಿಂಡರ್ ಕೂಡ ಕೂರ್ತದೆ ನಿಮ್ಮಿ, ಸೀಟಿನ ಅಡಿಯಲ್ಲಿ ನಿನ್ನ ಬ್ಯಾಗು, ಕೊಡೆ. ಪಕ್ಕದ ಮನೆಯ ಗೋದಾವರಿಯಕ್ಕ ಕಾಂಪೌಂಡಿನ ಮೇಲಿಂದಲೇ ಒಪ್ಪಿಗೆ ಕೊಟ್ಟರು, ಸ್ಕೂಟರೇ ಒಳ್ಳೇದು ಮಾರಾಯ್ತಿ, ಸೀರೆ ಉಟ್ಟು ಹೋಗ್ಲಿಕ್ಕೂ ಆಗ್ತದೆ. ಎಲ್ಲ ನಿಜ. ಒಂದೂ ಸುಳ್ಳಲ್ಲ. ಮಗಳು ಆಷ್ಲಿ ಮಾತ್ರ ನಿನ್ನೆ ರಾತ್ರಿ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಕೂತವಳು ಸಟ್ಟನೆ ತಿರುಗಿ, ಅಮ್ಮ, ನಿಮಗೆ ಎಂತ ಬೇಕು ಅಂತ ನೀವು ಹೇಳಿದ್ದೇ ಇಲ್ಲ ಅಲ್ವಾ, ಅಂದಳು, ನಿಮ್ಮಿ ಅವಳ ತಲೆಯನ್ನು ಮೆಲ್ಲಗೆ ಮುಂದಕ್ಕೆ ತಿರುಗಿಸಿ ಬೈತಲೆ ತೆಗೆದಳು.

ಹೇಳುವುದಾದರೆ ಎಲ್ಲಿಂದ ಹೇಳುವುದು, ಕೊಳವೆಯ ತುದಿಯಲ್ಲಿ ಆವಿ ಬಂತು, ಉರಿ ಸಣ್ಣ ಮಾಡಿದಳು, ಡಿಸೆಂಬರಿನಿಂದ ಹೇಳಬೇಕು, ಕಡಬದಿಂದ ಏಳು ಕಿಲೋಮೀಟರ್ ಒಳಗಿನ ಅಪ್ಪನ, ಅಪ್ಪಚ್ಚನ ರಬ್ಬರ್ ತೋಟದಿಂದ, ಚಳಿಗೆ ಹಾಲು ಜಾಸ್ತಿ ಇಳಿಯುವ ಕಾಲ, ಹತ್ತೊಂಬತ್ತು ವರ್ಷದ ನಿಮ್ಮಿ ಮರಕ್ಕೆ ಕಟ್ಟಿದ ಚಿಪ್ಪು ಚಿಪ್ಪಿನಿಂದ ಬಕೆಟಿಗೆ ಹಾಲು ಸುರಿದುಕೊಂಡು ಬಂದರೆ ಜಗಲಿಯಲ್ಲಿ ಅಪ್ಪಚ್ಚನ್ ಕಂಬಳಿ ಹೊದ್ದು ಮಲಗಿದ್ದಾರೆ, ಹಣೆ ಸುಡುತ್ತಿದೆ, ಅಮ್ಮಚ್ಚಿ ಗಂಜಿ ಹಿಡಿದು ನಿಂತಿದ್ದಾಳೆ, ಮತ್ತು ಆಸಿಡಿನ ಕ್ಯಾನು ಖಾಲಿ. ಆಸಿಡ್ ಇಲ್ಲದೆ ಹಾಲು ಹೆಪ್ಪುಗಟ್ಟುವುದಿಲ್ಲ, ನೀರಿನಲ್ಲಿ ಕಲಸಿ ನಾಲ್ಕು ಹನಿ ಹಾಕಿದರೆ ತಟ್ಟೆಯಲ್ಲಿ ಮೊಸರಿನ ಹಾಗೆ ನಿಲ್ಲುತ್ತದೆ, ಆಮೇಲೆ ರೋಲರಿಗೆ ಕೊಟ್ಟು ಶೀಟು ಮಾಡುವುದು, ಇಲ್ಲದಿದ್ದರೆ ಬಕೆಟಿನಲ್ಲೇ ಗಂಟುಗಂಟಾಗಿ ನಾರುತ್ತದೆ, ಇಡೀ ದಿನದ ಹಾಲು, ನಾಲ್ಕು ಬಕೆಟ್. ನಾಳೆ ನೋಡುವ ಅಂದರು ಅಪ್ಪಚ್ಚನ್ ಕಣ್ಣು ತೆರೆಯದೆ. ನಿಮ್ಮಿ ಗೋಡೆಯ ಮೊಳೆಯಿಂದ ಕೀ ತೆಗೆದಳು. ಕೆಂಪು ಯೆಜ್ಡಿ, ಅಪ್ಪಚ್ಚನ್ ಯಾರಿಂದಲೋ ಹಳೆಯದು ಕೊಂಡದ್ದು, ಕಿಕ್ಕರೂ ಗೇರೂ ಒಂದೇ ಕೋಲು, ಎಡಗಾಲಿನಲ್ಲಿ ಒದ್ದು ಅದೇ ಕೋಲನ್ನು ಮಡಚಿ ಗೇರು ಹಾಕಬೇಕು — ಓಡಿಸಲು ಕಲಿಸಿದ್ದು ಅವರೇ, ತೋಟದ ನಡುವಿನ ನೇರ ದಾರಿಯಲ್ಲಿ, ಭಾನುವಾರ ಇಗರ್ಜಿಯಿಂದ ಬಂದ ಮೇಲೆ, ಹಿಂದೆ ಕೂತು ಮಗಳ ಹೆಗಲ ಮೇಲೆ ಕೈ ಇಟ್ಟು, ಕ್ಲಚ್ಚು ಮೆಲ್ಲ ಬಿಡು ಮೋಳೆ, ತುಂಬಿದ ಬಕೆಟ್ ನೆಲಕ್ಕೆ ಇಡುದು ಹೇಗೆ, ಹಾಗೆ. ಅಮ್ಮಚ್ಚಿ ಒಳಗಿನಿಂದ, ಅವಳ ಗಂಟಲು ಎರಡು ತೋಟದಾಚೆ ಕೇಳಿಸುವಂಥದು, ಹುಡುಗಿಯನ್ನು ಹಾಳು ಮಾಡ್ಲಿಕ್ಕೆ ಬೇರೆ ಯಾರೂ ಬೇಡ, ಅಪ್ಪನೇ ಸಾಕು! ಅಪ್ಪಚ್ಚನ್ ಹಿಂದೆ ನಗುವುದು ಅವಳ ಬೆನ್ನಿಗೆ ತಿಳಿಯುತ್ತಿತ್ತು. ಆದರೆ ತೋಟದ ಗೇಟು ದಾಟಿದ್ದು ಅದೇ ಮೊದಲು, ಆ ಚಳಿಯ ಬೆಳಿಗ್ಗೆ, ಒಬ್ಬಳೇ, ಪಾವಾಡೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಅಪ್ಪಚ್ಚನ ಸ್ವೆಟರ್ ಹಾಕಿಕೊಂಡು — ಏಳು ಕಿಲೋಮೀಟರ್, ಮುಖಕ್ಕೆ ಗಾಳಿ, ಹಲ್ಲಿಗೂ ಗಾಳಿ, ಯಾಕೆಂದರೆ ಅವಳು ನಗುತ್ತಿದ್ದಳು, ಯಾರೂ ಕಾಣದಿರುವಾಗ ಬಾಯಿ ತೆರೆದು ನಗುವುದು ಹೇಗೆ ಅಂತ ಅವಳಿಗೆ ಅವತ್ತು ಗೊತ್ತಾಯಿತು, ಅದರ ಮೊದಲು ಗೊತ್ತಿರಲಿಲ್ಲ, ಆಮೇಲೆ —

ಅಮ್ಮ, ಪುಟ್ಟು! ಆಷ್ಲಿ ಕೂಗಿದಳು, ಹೌದು, ಇಳಿಸಿದಳು, ಕೋಲಿನಲ್ಲಿ ಹಿಂದಿನಿಂದ ದೂಡಿದರೆ ಬಿಳಿ ಉರುಳೆ ತಟ್ಟೆಗೆ ಇಳಿಯಿತು, ಮುರಿಯಲಿಲ್ಲ, ಸಜಿಯ ತಟ್ಟೆಗೆ ಎರಡು, ಮಗಳಿಗೆ ಒಂದು, ಸಜಿ ಮೊಬೈಲಿನಲ್ಲಿ ಬೂದು ಸ್ಕೂಟರಿನ ಚಿತ್ರ ತೋರಿಸಿದ, ನೋಡು, ಲೈಟು ಎಷ್ಟು ಚೆಂದ ಉಂಟು, ಚೆಂದ ಉಂಟು ಇಚ್ಚಾಯ, ಗಂಡನಿಗೆ ಅಂದಳು, ಬಕೆಟು ಎತ್ತಿಕೊಂಡು ತಂತಿಯ ಕಡೆ ನಡೆದಳು. ಬಟ್ಟೆ ಕೊಡವಿದ ಸದ್ದಿಗೆ ಕಾಗೆ ಹಾರಿತು. ಅವತ್ತು ಕಡಬದಿಂದ ಬರುವಾಗ ಆಸಿಡಿನ ಬಾಟಲಿಯನ್ನು ಬಟ್ಟೆ ಚೀಲದಲ್ಲಿ ಹಾಕಿ ಹ್ಯಾಂಡಲಿಗೆ ನೇತು ಹಾಕಿದ್ದಳು, ಚೀಲ ಟ್ಯಾಂಕಿನ ಮೇಲೆ ಮಗುವಿನ ಹಾಗೆ ಕೂತಿತ್ತು, ಮುಚ್ಚಳ ಸರಿಯಾಗಿದೆಯೇ ಅಂತ ನೋಡಬೇಕಿತ್ತು, ನೋಡಲಿಲ್ಲ, ಕಡಬದ ಅಂಗಡಿಯವನು ಹುಡುಗಿಯೊಬ್ಬಳು ಬೈಕಿನಲ್ಲಿ ಬಂದದ್ದು ನೋಡಿ ಬಾಯಿ ಬಿಟ್ಟು ನಿಂತಿದ್ದ, ಆ ಹೆಮ್ಮೆಯಲ್ಲಿ ಅವಳು ಮುಚ್ಚಳವನ್ನೇ ಮರೆತಳು. ಮೂಗಿಗೆ ಹೊಡೆಯುವ ವಾಸನೆ ದಾರಿಯಲ್ಲೇ ಬಂದಿತ್ತು, ರಬ್ಬರ್ ಮನೆಯವರಿಗೆ ಆ ವಾಸನೆ ದಿನವೂ ಇದ್ದದ್ದೇ, ಅದಕ್ಕೇ ಎಚ್ಚರವಾಗಲಿಲ್ಲ. ಮನೆಗೆ ಬಂದು ಚೀಲ ಎತ್ತಿದರೆ ಕೆಂಪು ಬಣ್ಣ ಸುಕ್ಕುಗಟ್ಟಿ ಸಿಪ್ಪೆಯಂತೆ ಚೀಲಕ್ಕೇ ಅಂಟಿ ಬಂತು, ಒಳಗಿನ ತಗಡು ಬೆಳ್ಳಗೆ, ಅಂಗೈಯಗಲ, ಕೆಳಗೆ ಎರಡು ಗೆರೆ ಇಳಿದಿತ್ತು, ಅತ್ತ ಹಾಗೆ. ಉಳಿದ ಆಸಿಡ್ ಸಾಕಾಯಿತು. ನಾಲ್ಕು ಬಕೆಟ್ ಹಾಲೂ ಹೆಪ್ಪಾಯಿತು. ಆಸಿಡ್ ತಾಗಿ ತೂತು ಬಿದ್ದ ಪಾವಾಡೆಯನ್ನು ಅಮ್ಮಚ್ಚಿ ಬಚ್ಚಲ ಒಲೆಗೆ ತುರುಕಿದಳು, ಒಂದು ಮಾತೂ ಆಡದೆ, ಅದೇ ಹೆದರಿಕೆ ಹುಟ್ಟಿಸಿದ್ದು. ಮೂರನೇ ದಿನ ಜ್ವರ ಬಿಟ್ಟ ಅಪ್ಪಚ್ಚನ್ ಅಂಗಳಕ್ಕೆ ಬಂದರು, ಟ್ಯಾಂಕು ನೋಡಿದರು, ಅವಳು ಕಂಬದ ಹಿಂದೆ, ಈಗ ಬೈಯುತ್ತಾರೆ, ಈಗ — ಅವರು ಆ ಬರಿ ತಗಡಿನ ಮೇಲೆ ಅಂಗೈ ಇಟ್ಟರು, ಸರಿಯಾಗಿ ಕೂತಿತು, ಕಡಬದ ತಿರುವಿನಲ್ಲಿ ಎಷ್ಟನೇ ಗೇರು ಹಾಕಿದ್ದೆ, ಅಂತ ಕೇಳಿದರು. ಎರಡು. ಹಾಂ, ಎರಡೇ ಸರಿ. ಬಣ್ಣ ಹೊಡೆಸಲಿಲ್ಲ ಅವರು. ಪ್ರತಿ ಭಾನುವಾರ ತೆಂಗಿನೆಣ್ಣೆಯ ಬಟ್ಟೆಯಲ್ಲಿ ಅಷ್ಟು ಜಾಗವನ್ನು ಮಾತ್ರ ಒರೆಸುತ್ತಿದ್ದರು, ತುಕ್ಕು ಹಿಡಿಯಬಾರದು ಅಂತ, ಬಿಸಿಲಿಗೆ ಅದು ಕನ್ನಡಿಯಂತೆ ಹೊಳೆಯುತ್ತಿತ್ತು.

ಮತ್ತೆ ಮೂರು ವರ್ಷ ಕಳೆದು ಸಜಿಯ ಮನೆಯವರು ಹೆಣ್ಣು ನೋಡಲು ಬಂದ ದಿನ, ಈಗ ತಂತಿಯ ಮೇಲಿನ ಅಂಗಿಗೆ ಕ್ಲಿಪ್ಪು ಹಾಕುತ್ತಿದ್ದಾಳೆ, ಒಂದು ಕ್ಲಿಪ್ಪು ಕೆಳಗೆ ಬಿತ್ತು, ಅಮ್ಮಚ್ಚಿ ಬೆಳಿಗ್ಗೆಯೇ ಟ್ಯಾಂಕಿನ ಮೇಲೆ ಮೈ ಒರೆಸುವ ತೋರ್ತು ಹೊದೆಸಿದ್ದಳು, ಕಾಫಿ ಕುಡಿದು ಅಂಗಳಕ್ಕೆ ಇಳಿದ ಸಜಿ ತೋರ್ತು ಎತ್ತಿಯೇ ಬಿಟ್ಟ, ಗಂಡಸರಿಗೆ ಬೈಕು ಕಂಡರೆ ಕೈ ಸುಮ್ಮನಿರುವುದಿಲ್ಲ, ಇದೆಂತ ಹೀಗೆ ಆದದ್ದು? ಅಮ್ಮಚ್ಚಿಯ ಮುಖ ಸುಣ್ಣ. ನಿಮ್ಮಿ ಬಾಗಿಲಿನಲ್ಲಿ, ಕೈಯಲ್ಲಿ ಬಾಳೆಹಣ್ಣಿನ ತಟ್ಟೆ, ಹೇಳಬಹುದಿತ್ತು, ನಾಲಿಗೆಯ ತುದಿಯಲ್ಲೇ ಇತ್ತು, ಅಷ್ಟರಲ್ಲಿ ಅಪ್ಪಚ್ಚನ್ ಅವಳ ಕಡೆ ಒಂದು ಸಲ ನೋಡಿದರು, ನೋಡಿ, ನಕ್ಕು, ಅದು ನಾನೇ, ಆಸಿಡ್ ತರುವಾಗ ಚೆಲ್ಲಿದೆ, ಮುಚ್ಚಳ ನೋಡ್ಲಿಲ್ಲ, ಅಂದುಬಿಟ್ಟರು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಬಾಯಿ ಮುಚ್ಚಿಕೊಂಡು. ಅವಳಿಗಾಗಿ ಹೇಳಿದ ಸುಳ್ಳು, ಅವಳಿಗೆ ಗೊತ್ತು, ಪ್ರೀತಿಗೇ ಹೇಳಿದ್ದು, ಆದರೆ ಆ ಒಂದು ಮಾತಿನಲ್ಲಿ ಏಳು ಕಿಲೋಮೀಟರ್ ಗಾಳಿ, ಕಡಬದ ತಿರುವು, ಎರಡನೇ ಗೇರು, ಎಲ್ಲ ಅವಳ ಕೈಯಿಂದ ಹೋಯಿತು, ತಿರುಗಿ ಕೇಳುವುದು ಹೇಗೆ, ಕೇಳಿದರೆ ಅಪ್ಪಚ್ಚನ್ ಸುಳ್ಳುಗಾರ ಆಗುತ್ತಾರೆ. ಅವತ್ತಿನಿಂದ ಅದು ಸಜಿಯ ಕಥೆ. ಮದುವೆ ಮನೆಯಲ್ಲಿ, ಮಕ್ಕಳ ಜ್ಞಾನಸ್ನಾನದ, ಮಾಮೋದೀಸದ ಊಟದಲ್ಲಿ, ಎಲೆಯ ಮುಂದೆ ಕೂತರೆ ಸಾಕು, ನಮ್ಮ ಮಾವ ಬೈಕಿಗೆ ಆಸಿಡ್ ಕುಡಿಸಿದವರು ಮಾರಾಯ್ರೆ, ಪೆಟ್ರೋಲ್ ದುಬಾರಿ ಆಯ್ತು ಅಂತ! ಇಪ್ಪತ್ತನಾಲ್ಕು ವರ್ಷ ಆ ನಗು ಕೇಳಿದ್ದಾಳೆ. ಅಪ್ಪಚ್ಚನ್ ತೀರಿದ ಮೇಲೆ ಉಪ್ಪಿನಂಗಡಿಯ ಇಬ್ರಾಹಿಂ ಅನ್ನುವವರು ಬಂದು ಬೈಕು ಕೊಂಡುಹೋದರು, ಪೈಂಟ್ ಹೊಡೆಸ್ತೀರಾ ಅಂತ ನಿಮ್ಮಿ ಕೇಳಿದಳು, ನೋಡುವ ಅಕ್ಕ ಅಂದರು, ಅಷ್ಟೇ, ನೋಡುವ ಅಂದರೆ ಹೊಡೆಸುತ್ತೇನೆ ಅಂತಲೂ ಆಯಿತು, ಇಲ್ಲ ಅಂತಲೂ ಆಯಿತು, ಆ ನೋಡುವ ಅನ್ನುವ ಒಂದು ಮಾತಿಗೆ ಜೋತುಬಿದ್ದು ಅವಳು ಇಷ್ಟು ವರ್ಷ ಕಿಟಕಿಯಲ್ಲಿ ನಿಂತಿದ್ದಾಳೆ.

ಶೋರೂಮಿನಲ್ಲಿ ತಣ್ಣಗೆ, ನೆಲ ಮುಖ ಕಾಣುವಷ್ಟು ಹೊಳಪು, ಚಪ್ಪಲಿ ಬಿಡಬೇಕೇನೋ ಅನ್ನಿಸಿತು, ವಿಷ್ಣುಪ್ರಸಾದ್ ಅಂತ ಎದೆಯ ಮೇಲೆ ಹೆಸರಿದ್ದ ಹುಡುಗ ಕೈ ಮುಗಿದ, ಬನ್ನಿ ಸಾರ್, ಯಾರಿಗೆ ಸಾರ್, ಮೇಡಂಗಾ, ದಿನಕ್ಕೆ ಎಷ್ಟು ಓಡ್ತದೆ ಸಾರ್, ಎಲ್ಲವನ್ನೂ ಸಜಿಯ ಹತ್ತಿರವೇ ಕೇಳಿದ, ಹೋಗಿ ಬರುದು ಸೇರಿ ಐದು ಕಿಲೋಮೀಟರ್, ದರ್ಬೆಯಿಂದ ಬೊಳುವಾರು, ಆದ್ರೆ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತು ನಿಂತು ಹೋಗ್ಬೇಕಲ್ಲ, ಹಾಗಾದ್ರೆ ಸ್ಕೂಟರೇ ಸಾರ್, ಗೇರಿನ ರಗಳೆ ಇಲ್ಲ, ಮೇಡಂಗೆ ಸುಮ್ಮನೆ ಕೂತ್ರೆ ಆಯ್ತು. ಸುಮ್ಮನೆ ಕೂತರೆ ಆಯಿತು. ಸುಮ್ಮನೆ ಕೂರುವುದು ಅವಳಿಗೆ ಹೇಳಿಕೊಡಬೇಕೇ. ಬೂದು ಸ್ಕೂಟರಿನ ಮೇಲೆ ಕೂತಳು, ಹಿತವಾಗಿಯೇ ಇತ್ತು, ಕುರ್ಚಿಯ ಹಾಗೆ, ಮೊಣಕಾಲುಗಳ ನಡುವೆ ಖಾಲಿ, ಅಕ್ಕಿ ಚೀಲದ ಜಾಗ, ಸಿಲಿಂಡರಿನ ಜಾಗ, ಕೈ ಇಡಲು ಅಲ್ಲಿ ಏನೂ ಇಲ್ಲ. ಚೀಲದಲ್ಲಿ ಲೈಸೆನ್ಸ್ ಇದೆ, ಹತ್ತು ವರ್ಷ ಹಿಂದೆ ಕಾರು ಕಲಿಯಲು ಹೋದಾಗ ಡ್ರೈವಿಂಗ್ ಸ್ಕೂಲಿನವರ ಬೈಕಿನಲ್ಲಿ ಎಂಟು ಹಾಕಿ ತೋರಿಸಿ ಗೇರಿನ ಗಾಡಿಗೂ ಸೇರಿಸಿಯೇ ಮಾಡಿಸಿಕೊಂಡದ್ದು, ಕಾಲು ಒಂದು ಸಲವೂ ನೆಲಕ್ಕೆ ತಾಗಲಿಲ್ಲ, ಲೈಸೆನ್ಸಿನ ಆ ಸಾಲನ್ನು ಸಜಿ ಇವತ್ತಿನವರೆಗೂ ಓದಿಲ್ಲ. ಎದ್ದಳು. ಮೂಲೆಯಲ್ಲಿ ಸಾಲಾಗಿ ಬೈಕುಗಳು, ಸಣ್ಣವು, ದಿನದ ಓಡಾಟದವು, ಮೂರನೆಯದು ಕೆಂಪು. ಅಮ್ಮ ಎಲ್ಲಿಗೆ, ಆಷ್ಲಿ ಕೇಳಿದಳು. ಚೂಡಿದಾರದ ಶಾಲು ಸೊಂಟಕ್ಕೆ ಕಟ್ಟಿ ನಿಮ್ಮಿ ಕಾಲು ದಾಟಿಸಿದಳು, ನಲವತ್ತೇಳರ ಸೊಂಟ ಸ್ವಲ್ಪ ಚುರುಕ್ ಅಂದಿತು, ಎರಡೂ ಪಾದಕ್ಕೆ ನೆಲ ಸಿಕ್ಕಿತು, ಎಡಗಾಲು ತಾನಾಗಿ ಕೋಲು ಹುಡುಕಿತು, ಅದು ಗೇರು ಮಾತ್ರ ಮೇಡಂ, ಸ್ಟಾರ್ಟು ಬಟನಿನಲ್ಲಿ, ವಿಷ್ಣುಪ್ರಸಾದ್ ಓಡಿ ಬಂದ, ಇದು ಗೇರಿದ್ದು ಮೇಡಂ. ಗೊತ್ತು ಅಂದಳು. ಸಜಿ ನಗುತ್ತಾ ಹಿಂದೆಯೇ ಬಂದ, ಇಳಿ ಇಳಿ, ಇವರ ಮನೆಯವರಿಗೆ ಬೈಕು ಆಗಿಬರುದಿಲ್ಲ ಮಾರಾಯ, ಇವಳ ಅಪ್ಪ ಉಂಟಲ್ಲ, ಒಮ್ಮೆ ಬೈಕಿಗೆ ಆಸಿಡ್ —

ಚೆಲ್ಲಿದ್ದು ಅಪ್ಪಚ್ಚನ್ ಅಲ್ಲ ಇಚ್ಚಾಯ. ನಾನು. ಯಾರ ಧ್ವನಿ ಅಂತ ಅವಳಿಗೇ ಒಂದು ಗಳಿಗೆ ತಿಳಿಯಲಿಲ್ಲ, ದೊಡ್ಡದೇನೂ ಇರಲಿಲ್ಲ, ಉಪ್ಪು ಸಾಕಾ ಅಂತ ಕೇಳುವಷ್ಟೇ ಮೆಲ್ಲಗೆ. ನೀನು ಹಿಂದೆ ಕೂತಿದ್ಯಾ? ಇಲ್ಲ, ಅಪ್ಪಚ್ಚನಿಗೆ ಜ್ವರ, ನಾನು ಒಬ್ಳೇ, ಕಡಬಕ್ಕೆ ಹೋಗಿ ಬಂದದ್ದು, ಓಡಿಸಿದ್ದೂ ನಾನೇ. ಸಜಿಯ ನಗು ಅರ್ಧದಲ್ಲಿ ನಿಂತಿತು, ಬಾಯಿ ಹಾಗೆಯೇ ತೆರೆದಿತ್ತು, ಕಡಬದ ಅಂಗಡಿಯವನ ಹಾಗೆ, ಮತ್ತೆ ಅವನು ತಲೆ ಕೆರೆದುಕೊಂಡು, ಅಂದ್ರೆ ಇಪ್ಪತ್ನಾಲ್ಕು ವರ್ಷ ನಾನು ಆ ಪಾಪದ ಮನುಷ್ಯನ ಮೇಲೆ ನಗಾಡಿದ್ದಾ, ನಿಂಗೆ ಒಮ್ಮೆ ಹೇಳ್ಲಿಕ್ಕೆ ಆಗ್ಲಿಲ್ವಾ ಮಾರಾಯ್ತಿ — ಸಿಟ್ಟೋ ನಾಚಿಕೆಯೋ, ಎರಡೂ ಇರಬೇಕು, ಆಷ್ಲಿ ಅಪ್ಪನ ತೋಳು ಹಿಡಿದಳು, ವಿಷ್ಣುಪ್ರಸಾದ್ ಬೂದು ಸ್ಕೂಟರಿನ ಕಡೆಗೊಮ್ಮೆ ಇವಳ ಕಡೆಗೊಮ್ಮೆ ನೋಡಿ, ಯಾವುದು ಬರೀಲಿ ಸಾರ್, ಅಂದ, ಸಜಿ ಬೂದು ಸ್ಕೂಟರಿಗೆ ಬೆನ್ನು ಹಾಕಿ, ನನ್ನ ಹತ್ರ ಎಂತ ಕೇಳುದು, ಅವಳ ಹತ್ರ ಕೇಳು, ಅಂದ. ಇದು, ಅಂದಳು ನಿಮ್ಮಿ, ಇದನ್ನೇ, ಮತ್ತು ಕೈ ಟ್ಯಾಂಕಿನ ಮೇಲೆ ಸರಿಯಿತು, ತಣ್ಣಗೆ, ನುಣ್ಣಗೆ, ಹೊಸ ಕೆಂಪು, ಈ ತುದಿಯಿಂದ ಆ ತುದಿಗೆ ಎಲ್ಲೂ ಅಡ್ಡಿಯಿಲ್ಲ, ಅಂಗೈ ಹಿಂದೆ ಬಂತು, ಮತ್ತೆ ಹೋಯಿತು, ಇಲ್ಲಿ ಇರಬೇಕಿತ್ತು, ಇಲ್ಲಿ, ಇದಕ್ಕಿಂತ ಸ್ವಲ್ಪ ಎಡಕ್ಕೆ, ಎರಡು ಗೆರೆ ಇಳಿದದ್ದು, ಬಿಸಿಲಿಗೆ ಹೊಳೆಯುವುದು, ಎಣ್ಣೆಯ ಬಟ್ಟೆ ಹಿಡಿದ ಕೈ, ಬೆಳ್ಳಗಿನ ತಗಡು, ಅಂಗೈಯಗಲ, ಅಂಗೈಯಗಲ —